ಮುಖ ಆಮೇಲೆ, ಮೊದಲು ತಳ ನೋಡಿ

ಹಳೆಯ ಇಂಗ್ಲಿಷ್ ಪಿಂಗಾಣಿಯ ರೋಮನ್ ದೇವದೇವತೆಯರ ಗೊಂಬೆ ಕೂಡಿಸಬೇಕು ಅಂತ ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಮುಖ ನೋಡಿ ಮರುಳಾಗಬೇಡಿ, ಗೊಂಬೆಯನ್ನು ಮಗುಚಿ ತಳ ನೋಡಿ. ಮುಖಕ್ಕೆ, ಸೀರೆಯಂಥ ಆ ಮಡಿಕೆ ಬಟ್ಟೆಗೆ ಯಾರು ಬೇಕಾದರೂ ಹೊಸದಾಗಿ ಬಣ್ಣ ಬಳಿಯಬಹುದು. ತಳವನ್ನು ಅಷ್ಟು ಸುಲಭವಾಗಿ ಬದಲಿಸಲು ಆಗುವುದಿಲ್ಲ.

ಈ ಗೊಂಬೆಗಳು ಹುಟ್ಟಿದ್ದು ಊಟದ ಮೇಜಿಗಾಗಿ. ಸಿಹಿ ಬಡಿಸುವ ಹೊತ್ತಿಗೆ ಶ್ರೀಮಂತರ ಮೇಜಿನ ನಡುವೆ ಸಕ್ಕರೆಯಲ್ಲಿ ಮಾಡಿದ ಗೊಂಬೆಗಳನ್ನು ಇಡುತ್ತಿದ್ದರು. ಆಮೇಲೆ ಆ ಜಾಗಕ್ಕೆ ಪಿಂಗಾಣಿ ಬಂತು. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ ದಾರಿ ತೋರಿಸಿತು. ಲಂಡನ್ನಿನಲ್ಲಿ ಚೆಲ್ಸೀ ಮತ್ತು ಬೋ, ಅತ್ತ ಡರ್ಬಿ ಊರಿನ ಡರ್ಬಿ, ಈ ಕಾರ್ಖಾನೆಗಳೆಲ್ಲ 1740ರ ದಶಕದ ಮಧ್ಯದಿಂದ 1750ರ ಆಸುಪಾಸಿನಲ್ಲಿ ಕೆಲಸ ಶುರು ಮಾಡಿದವು. ಡರ್ಬಿಯ ವಿಲಿಯಂ ಡ್ಯೂಸ್‌ಬರಿ 1770ರಲ್ಲಿ ಚೆಲ್ಸೀ ಕಾರ್ಖಾನೆಯನ್ನೇ ಕೊಂಡರು. ಹೊಸಬರು ಡರ್ಬಿಯಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅವರು ಜಾಸ್ತಿ ಮಾಡಿದರು, ಜಾಸ್ತಿ ಉಳಿದಿವೆ. ಚೆಲ್ಸೀಗೆ ಅವಸರ ಬೇಡ.

ಯಾವ ದೇವರು ಅಂತ ಗುರುತು ಹಿಡಿಯುವುದು ನಮಗೆ ಕಷ್ಟವೇ ಅಲ್ಲ. ವಾಹನ, ಆಯುಧ ನೋಡಿ ದೇವರ ಹೆಸರು ಹೇಳುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಹದ್ದು ಇದ್ದರೆ ಜೂಪಿಟರ್. ನವಿಲು ಇದ್ದರೆ ಅವನ ಹೆಂಡತಿ ಜೂನೋ. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಗುರಾಣಿ, ಪಕ್ಕದಲ್ಲಿ ಗೂಬೆ ಇದ್ದರೆ ಮಿನರ್ವಾ. ಗೂಬೆ ಕಂಡ ಕೂಡಲೇ ಲಕ್ಷ್ಮಿ ನೆನಪಾದರೂ ಇಲ್ಲಿ ಅದು ಬುದ್ಧಿಯ ಗುರುತು. ಡಾಲ್ಫಿನ್ ಜೊತೆ ನಿಂತವನು ನೆಪ್ಚೂನ್, ಕೈಯಲ್ಲಿ ತಂತಿವಾದ್ಯ ಇದ್ದವನು ಅಪೋಲೋ, ಬತ್ತಳಿಕೆ ಮತ್ತು ಬೇಟೆನಾಯಿ ಇದ್ದವಳು ಡಯಾನಾ. ಋತುಗಳ ಸೆಟ್ಟಿನಲ್ಲಿ ಹೂವಿನ ಫ್ಲೋರಾ ವಸಂತಕ್ಕೆ, ಗೋಧಿ ತೆನೆಯ ಸೆರೆಸ್ ಬೇಸಿಗೆಗೆ, ದ್ರಾಕ್ಷಿಯ ಬ್ಯಾಕಸ್ ಶರತ್ಕಾಲಕ್ಕೆ.

ಇದನ್ನು ಕಲಿಯಲೇಬೇಕು, ಯಾಕಂದರೆ ಮೊದಲು ಮುರಿಯುವುದೇ ಕೈಯಲ್ಲಿರುವ ವಸ್ತು. ಸೆರೆಸ್ ಕೈಯ ತೆನೆ ಮುರಿದು, ರಿಪೇರಿಯವರು ಅಲ್ಲಿ ಹೂಗೊಂಚಲು ಅಂಟಿಸಿದರೆ ಅವಳು ಫ್ಲೋರಾ ಆಗಿಬಿಡುತ್ತಾಳೆ! ಮುಷ್ಟಿ ಬಿಗಿಯಾಗಿದ್ದು ಒಳಗೆ ಏನೂ ಇಲ್ಲದಿದ್ದರೆ, ಏನೋ ಹೋಗಿದೆ ಅಂತಲೇ ತಿಳಿಯಿರಿ. ಬೆರಳುಗಳನ್ನೂ ಒಂದೊಂದಾಗಿ ನೋಡಿ.

ಈಗ ತಳದ ವಿಷಯ. ಡರ್ಬಿ ಗೊಂಬೆಯ ಅಡಿಯಲ್ಲಿ ಮೂರೋ ನಾಲ್ಕೋ ಮಬ್ಬಾದ ದುಂಡು ಕಲೆಗಳು ಕಾಣುತ್ತವೆ. ಅದು ಕೊಳೆ ಅಲ್ಲ, ತಿಕ್ಕಬೇಡಿ. ಸುಡುವ ಗೂಡಿನಲ್ಲಿ ಗೊಂಬೆಯನ್ನು ಮಣ್ಣಿನ ಉಂಡೆಗಳ ಮೇಲೆ ನಿಲ್ಲಿಸುತ್ತಿದ್ದರು, ಅದರ ಗುರುತು ಅದು. ನನಗೆ ಇದು ಯಾವ ಮುದ್ರೆಗಿಂತಲೂ ಹೆಚ್ಚು ನಂಬಿಕೆಯದು. ಹಳೆಯ ಡರ್ಬಿ ಗೊಂಬೆಗಳಲ್ಲಿ ಬಹಳಷ್ಟಕ್ಕೆ ಮುದ್ರೆಯೇ ಇರುವುದಿಲ್ಲ. ಬೋ ಗೊಂಬೆ ಕೈಗೆ ತುಸು ಭಾರ. ಅಚ್ಚಿಗೆ ಮಣ್ಣನ್ನು ಒತ್ತಿ ಮಾಡುತ್ತಿದ್ದರು, ಮಣ್ಣಿಗೆ ಮೂಳೆಯ ಬೂದಿ ಬೆರೆಸುತ್ತಿದ್ದರು. ಕೆಲವು ಬೋ ಗೊಂಬೆಗಳ ಬೆನ್ನಿಗೆ ಚೌಕದ ತೂತು ಇರುತ್ತದೆ. ಮೇಣದಬತ್ತಿಯ ಲೋಹದ ಕೊಂಬೆ ಸಿಕ್ಕಿಸಲು ಅದನ್ನು ಬಿಟ್ಟಿದ್ದು, ಒಡಕು ಅಂತ ಹೆದರಬೇಡಿ. ಕೆಲವಕ್ಕೆ ಬೆನ್ನ ಹಿಂದೆ ಹೂವು ಎಲೆಗಳ ಪುಟ್ಟ ಮರವೂ ಇರುತ್ತದೆ. ಅದಕ್ಕೆ ಬೊಕಾಜ್ ಅನ್ನುತ್ತಾರೆ. ನೋಡಲು ಚೆಂದ ಅಂತ ಮಾತ್ರ ಅಲ್ಲ, ಸುಡುವಾಗ ಮೆತ್ತಗಾದ ಗೊಂಬೆ ಬಾಗದ ಹಾಗೆ ಆ ಮರ ಆಸರೆಯೂ ಆಗುತ್ತಿತ್ತು.

ಚೆಲ್ಸೀಯ ಗುರುತು ಲಂಗರು. ಮೊದಲು ಉಬ್ಬು ಲಂಗರು, 1752ರಿಂದ ಕೆಂಪು ಲಂಗರು, 1756ರ ಸುಮಾರಿನಿಂದ ಚಿನ್ನದ ಲಂಗರು. ಇಲ್ಲೇ ಹುಷಾರಾಗಿರಬೇಕು. ನಿಜವಾದ ಲಂಗರು ತೀರಾ ಪುಟ್ಟದು, ಸಾಮಾನ್ಯವಾಗಿ 6 ಮಿಲಿಮೀಟರಿಗಿಂತ ಚಿಕ್ಕದು, ಹುಡುಕಿದರೆ ಮಾತ್ರ ಕಾಣುವ ಮೂಲೆಯಲ್ಲಿ ಇರುತ್ತದೆ. ದೊಡ್ಡ ಚಿನ್ನದ ಲಂಗರು ಎದ್ದು ಕಂಡರೆ ಗೊಂಬೆಯನ್ನು ಮೆಲ್ಲನೆ ಕೆಳಗಿಟ್ಟು ಮುಂದೆ ನಡೆಯಿರಿ. ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆ 1845ರಿಂದ ಹಳೆಯ ಪಿಂಗಾಣಿಗಳ ನಕಲು ಮಾಡುತ್ತಾ ಬಂತು, ಚೆಲ್ಸೀ ಗೊಂಬೆಗಳದ್ದೂ ಮಾಡಿತು. ಕೆಲಸ ಅಚ್ಚುಕಟ್ಟು, ಮಣ್ಣು ಮಾತ್ರ ಬೇರೆ. ಅವರದು ಹಾರ್ಡ್ ಪೇಸ್ಟ್, ಅಂದರೆ ಹೆಚ್ಚು ಉರಿಯಲ್ಲಿ ಸುಟ್ಟ ಗಟ್ಟಿ ಪಿಂಗಾಣಿ. ಚೆಲ್ಸೀ, ಬೋ, ಡರ್ಬಿಯದು ಸಾಫ್ಟ್ ಪೇಸ್ಟ್, ಕಡಿಮೆ ಉರಿಯಲ್ಲಿ ಸುಟ್ಟ ಮೆದು ಬಗೆ. ಚಕ್ಕೆ ಎದ್ದ ಜಾಗಕ್ಕೆ ಟಾರ್ಚ್ ಬಿಡಿ. ಸಾಫ್ಟ್ ಪೇಸ್ಟ್ ಒಳಗೆ ಸಕ್ಕರೆಯ ಹಾಗೆ ಹರಳು ಹರಳು. ಹಾರ್ಡ್ ಪೇಸ್ಟ್ ಒಳಗೆ ನುಣುಪು, ಗಾಜಿನ ಹೊಳಪು.

ಸಣ್ಣ ಚಕ್ಕೆ ಎದ್ದ ಗೊಂಬೆಗೆ ನಾನು ಬೇಡ ಅನ್ನುವುದಿಲ್ಲ. ಒಡೆದದ್ದು ಕಣ್ಣಿಗೆ ಕಂಡರೆ ಬೆಲೆ ಮಾತಾಡಬಹುದು. ಮುಚ್ಚಿಟ್ಟ ರಿಪೇರಿಯೇ ಕಷ್ಟ ಕೊಡುವುದು. ಕುತ್ತಿಗೆ, ಮಣಿಕಟ್ಟು, ಪಾದದ ಗಂಟು, ಈ ಮೂರು ಕಡೆ ಬೆರಳಾಡಿಸಿ. ಹಳೆಯ ಗ್ಲೇಜ್, ಅಂದರೆ ಪಿಂಗಾಣಿಯ ಮೇಲಿನ ಗಾಜಿನಂಥ ಹೊದಿಕೆ, ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ಬಣ್ಣ ಬಳಿದು ಮುಚ್ಚಿದ ಜಾಗ ಸ್ವಲ್ಪ ಬೆಚ್ಚಗೆ, ಮೆತ್ತಗೆ ಅನಿಸುತ್ತದೆ. ಕತ್ತಲೆ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿದರೆ ರಿಪೇರಿ ಆದ ಭಾಗ ಉಳಿದ ಮೈಗಿಂತ ಬೇರೆ ಬಣ್ಣದಲ್ಲಿ ಹೊಳೆಯುವುದುಂಟು. ಹರಾಜಿನಲ್ಲಿ ಕೊಳ್ಳುವವರು ಕಂಡಿಷನ್ ರಿಪೋರ್ಟ್, ಅಂದರೆ ಗೊಂಬೆಯ ಒಡಕು ರಿಪೇರಿಗಳ ವಿವರ, ಕೇಳಿಯೇ ಕೇಳಿ, ಸಂಕೋಚ ಬೇಡ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಬೇರೆ, ಕಾಲು ಭಾಗವೋ ಇನ್ನೂ ಜಾಸ್ತಿಯೋ ಸೇರುತ್ತದೆ. ಅದನ್ನು ಕೂಡಿಸಿಕೊಂಡೇ ಕೈ ಎತ್ತಿ.

ಕೊಳ್ಳುವ ಮೊದಲು ಕಣ್ಣು ಪಳಗಲಿ. ಲಂಡನ್ನಿಗೆ ಹೋದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೇಲಿನ ಮಹಡಿಯ ಪಿಂಗಾಣಿ ಕೋಣೆಗಳನ್ನು ನಿಧಾನವಾಗಿ ಸುತ್ತಿ, ಪ್ರವೇಶಕ್ಕೆ ದುಡ್ಡಿಲ್ಲ. ಹೋಗಲಾಗದವರು ಅವರ ಸಂಗ್ರಹದ ಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು.

ಮನೆಗೆ ತಂದ ಮೇಲೆ ಮುಟ್ಟುವ ಮುಂಚೆ ಬಳೆ, ಉಂಗುರ ತೆಗೆದಿಡಿ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ತಲೆ, ಕೈ, ಹಿಂದಿನ ಮರ ಹಿಡಿದು ಎತ್ತಲೇಬೇಡಿ. ಒಂದು ಕೈ ಮೈಗೆ, ಇನ್ನೊಂದು ತಳಕ್ಕೆ. ಧೂಳಿಗೆ ಬಟ್ಟೆ ಬೇಡ, ಅದರ ಎಳೆ ಹೂವಿನ ದಳಕ್ಕೆ ಸಿಕ್ಕಿ ದಳವನ್ನೇ ಕೀಳುತ್ತದೆ. ಮೆತ್ತನೆಯ ಮೇಕಪ್ ಬ್ರಷ್ ಸಾಕು. ವರ್ಷಕ್ಕೆ ಒಂದೆರಡು ಸಲಕ್ಕಿಂತ ಜಾಸ್ತಿ ಮುಟ್ಟುವ ಅಗತ್ಯವೇ ಇಲ್ಲ, ಗಾಜಿನ ಬಾಗಿಲ ಬೀರುವಿನಲ್ಲಿಟ್ಟರೆ.

ನೀರು ತಾಗಿಸಲೇಬೇಕಾದರೆ ಸಿಂಕಿನಲ್ಲಿ ಬೇಡ. ಪ್ಲಾಸ್ಟಿಕ್ ಬೇಸಿನ್ನಿಗೆ ಟವೆಲ್ ಹಾಸಿ, ಹದವಾದ ಬೆಚ್ಚನೆ ನೀರಿಗೆ ಒಂದೆರಡು ತೊಟ್ಟು ಸೌಮ್ಯವಾದ ಸೋಪು. ಬ್ರಷ್ ಅದ್ದಿ ಹಗುರವಾಗಿ ಆಡಿಸಿ, ಗೊಂಬೆಯನ್ನು ನೆನೆಹಾಕಬೇಡಿ. ಹಳೆಯ ಅಂಟು ಬಿಸಿ ನೀರಿಗೆ ಬಿಟ್ಟುಕೊಳ್ಳುತ್ತದೆ, ತಲೆ ಕೈಗೆ ಬಂದುಬಿಡುತ್ತದೆ. ಬ್ಲೀಚ್, ಹುಣಸೆಹಣ್ಣು, ನಿಂಬೆರಸ, ಪಾತ್ರೆ ಪುಡಿ ಯಾವುದೂ ಹತ್ತಿರ ಬರಬಾರದು. ಚಿನ್ನದ ಗೆರೆ ಒಮ್ಮೆ ಹೋದರೆ ಹೋಯಿತು. ಡರ್ಬಿಯವರು 1770ರ ದಶಕದಿಂದ ಗ್ಲೇಜ್ ಇಲ್ಲದ ಬಿಳಿ ಬಿಸ್ಕೆಟ್ ಗೊಂಬೆಗಳನ್ನೂ ಮಾಡಿದರು. ಅವಕ್ಕೆ ನೀರು ಬೇಡವೇ ಬೇಡ, ಬ್ರಷ್ ಮಾತ್ರ. ಎಣ್ಣೆ ಕೈ ತಾಗಿದರೂ ಕಲೆ ಕೂರುತ್ತದೆ.

ಇಡುವ ಜಾಗ ಅಲುಗಾಡಬಾರದು. ಬಾಗಿಲ ಪಕ್ಕ ಬೇಡ, ವಾಷಿಂಗ್ ಮಷೀನ್ ಓಡುವ ಗೋಡೆಯ ಆಚೆ ಬದಿಯೂ ಬೇಡ. ಮುಂದೆ ಸರಿಯದ ಹಾಗೆ ಮ್ಯೂಸಿಯಂ ವ್ಯಾಕ್ಸ್ ಅನ್ನುವ ಮೆತ್ತನೆ ಮೇಣವನ್ನು ತಳಕ್ಕೆ ಚೂರು ಹಚ್ಚಿ. ಬಿಸ್ಕೆಟ್ ಗೊಂಬೆಗೆ ಮಾತ್ರ ಅದೂ ಬೇಡ, ಮೇಣ ಹೀರಿಕೊಳ್ಳುತ್ತದೆ. ಪ್ರತಿ ಗೊಂಬೆಯ ಮುಂದೆ, ಹಿಂದೆ, ತಳದ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟಿರಿ.

ಇಷ್ಟಾದರೂ ಏನಾದರೂ ಬಿದ್ದು ಒಡೆದರೆ ಗಾಬರಿಯಲ್ಲಿ ಸೂಪರ್ ಗ್ಲೂ ಹುಡುಕಬೇಡಿ. ಮನೆಯಲ್ಲಿ ಒಮ್ಮೆ ವಾರೆಯಾಗಿ ಅಂಟಿಸಿದ್ದನ್ನು ಬಿಡಿಸುವುದು ನುರಿತವರಿಗೂ ತಲೆನೋವು. ಮುರಿದ ಅಂಚುಗಳನ್ನು ಒಂದಕ್ಕೊಂದು ಜೋಡಿಸಿ ನೋಡಬೇಡಿ, ಅಂಚು ಸವೆಯುತ್ತದೆ. ನೆಲ ಗುಡಿಸುವ ಮೊದಲು ಮೊಣಕಾಲೂರಿ ಸಣ್ಣ ಚೂರನ್ನೂ ಆರಿಸಿಕೊಳ್ಳಿ. ಪ್ರತಿ ಚೂರನ್ನೂ ಬೇರೆ ಬೇರೆ ಟಿಶ್ಯೂನಲ್ಲಿ ಸುತ್ತಿ, ಒಂದೇ ಡಬ್ಬಿಯಲ್ಲಿ ಹಾಕಿ, ಪಿಂಗಾಣಿ ರಿಪೇರಿ ಬಲ್ಲವರ ಹತ್ತಿರ ಹಾಗೆಯೇ ಒಯ್ಯಿರಿ.