ಪೈಪಲ್ಲಿ ಊಟ ಮಾಡುವವರ ಬಾಯಿ

“ಸಿಸ್ಟರ್, ಬಾಯಲ್ಲಿ ಏನೂ ತಿನ್ನೋದೇ ಇಲ್ಲ, ಹಲ್ಲು ಯಾಕೆ ಉಜ್ಜಬೇಕು?” ಸ್ಟ್ರೋಕ್ ವಾರ್ಡಿನ ನರ್ಸ್ ಆದ ನನಗೆ ರೋಗಿಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೂಗಿಗೆ ರೈಲ್ಸ್ ಟ್ಯೂಬ್ ಹಾಕಿದ್ದಾರೆ, ಆಹಾರ ನೇರ ಹೊಟ್ಟೆಗೆ ಹೋಗುತ್ತದೆ, ಇನ್ನು ಶ್ವಾಸಕೋಶದ ಚಿಂತೆ ಇಲ್ಲ ಅಂದುಕೊಂಡಿರುತ್ತಾರೆ.

ಎಂಜಲಿನ ಕತೆ ಏನು ಮತ್ತೆ? ಲಕ್ವ ಹೊಡೆದಾಗ ನುಂಗುವ ಶಕ್ತಿ ಕುಂದುತ್ತದೆ. ಎಂಜಲು ಸ್ವಲ್ಪ ಸ್ವಲ್ಪವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಎಷ್ಟೋ ಜನರಿಗೆ ಆಗ ಕೆಮ್ಮು ಕೂಡ ಬರುವುದಿಲ್ಲ. ಅಗಿಯುವ ಕೆಲಸ ಇಲ್ಲದ ಬಾಯಿ ಒಣಗುತ್ತದೆ, ನಾಲಿಗೆ ಮೇಲೆ ಪದರ ಕಟ್ಟುತ್ತದೆ, ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುತ್ತವೆ. ಅವು ಎಂಜಲಿನ ಜೊತೆ ಇಳಿದರೆ ನ್ಯುಮೋನಿಯಾ. ಹಾಗಾಗಿ ಬಾಯಲ್ಲಿ ತಿನ್ನುವವರಿಗಿಂತ ಪೈಪಿನವರ ಬಾಯಿಗೇ ನಾನು ಜಾಸ್ತಿ ಹೊತ್ತು ಕೊಡುತ್ತೇನೆ.

ಮೊದಲು ತಲೆಯ ಕಡೆ ಎತ್ತರಿಸಿ, ಮುಖ ಒಂದು ಪಕ್ಕಕ್ಕೆ ಹೊರಳಿಸುತ್ತೇನೆ. ಹಲ್ಲಿನ ಸೆಟ್ ಇದ್ದರೆ ತೆಗೆದು ಬೇರೆ ತೊಳೆಯುತ್ತೇನೆ. ಮಕ್ಕಳ ಮೆತ್ತನೆ ಬ್ರಷ್ ಸಾಕು, ಪೇಸ್ಟ್ ಚೂರೇ ಚೂರು. ನೀರು ಸುರಿಯುವ ಹಾಗಿಲ್ಲ. ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸುತ್ತಾ, ಎಂಜಲು-ಕಫ ಹೀರುವ ಸಕ್ಷನ್‌ನಲ್ಲಿ ಎಳೆಯುತ್ತಾ ಹೋಗುತ್ತೇನೆ. ಬಿದ್ದುಹೋದ ಕಡೆಯ ಕೆನ್ನೆಯೊಳಗೆ ನೋಡಲೇಬೇಕು, ಕಫವೆಲ್ಲ ಅಲ್ಲೇ ಅಡಗಿರುತ್ತದೆ. ಬೆರಳು ಮಾತ್ರ ಹಲ್ಲುಗಳ ಮಧ್ಯೆ ಇಡಬೇಡಿ, ಗೊತ್ತಿಲ್ಲದೆ ಕಚ್ಚಿಬಿಡುತ್ತಾರೆ. 1999ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ, ಊಟದ ನಂತರ ತಪ್ಪದೆ ಹಲ್ಲುಜ್ಜಿಸಿದ ವೃದ್ಧಾಶ್ರಮವಾಸಿಗಳಿಗೆ ನ್ಯುಮೋನಿಯಾ ಕಡಿಮೆ ಬಂದಿತ್ತು.

“ಮುಂಚೆನೇ ಒಂದು ಆಂಟಿಬಯೋಟಿಕ್ ಹಾಕ್ಬಿಡಿ” ಅನ್ನುವವರೂ ಇದ್ದಾರೆ. ಸ್ಟ್ರೋಕ್ ಆದವರಿಗೆ ಹಾಗೆ ಮುನ್ನೆಚ್ಚರಿಕೆಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ ನೆದರ್ಲೆಂಡ್ಸ್‌ನಲ್ಲಿ ನಡೆದಿದೆ, 2015ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ನೋಡಿದರೆ ರೋಗಿಗಳ ಚೇತರಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ.

ಇನ್ನು ಆಹಾರ ಕೊಡುವುದು. ಪೈಪು ಮೂಗಿನ ಹತ್ತಿರ ಎಷ್ಟನೇ ಗುರುತಿನಲ್ಲಿದೆ ಎಂದು ಪ್ರತಿ ಸಲ ನೋಡುತ್ತೇನೆ. ಜೋರಾಗಿ ಕೆಮ್ಮಿದ್ದರೆ, ವಾಂತಿಯಾಗಿದ್ದರೆ ಬಾಯೊಳಗೆ ಟಾರ್ಚ್ ಹಾಕುತ್ತೇನೆ, ಪೈಪು ಅಲ್ಲೇ ಸುರುಳಿ ಸುತ್ತಿಕೊಂಡಿರಬಹುದು. ಅನುಮಾನ ಬಂದರೆ ಎಕ್ಸ್‌ರೇ ಆಗುವವರೆಗೂ ಹನಿ ಹಾಕುವುದಿಲ್ಲ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಗುಡುಗುಡು ಕೇಳುವ ಹಳೆಯ ಪದ್ಧತಿಯನ್ನು ನಾನು ನಂಬುವುದಿಲ್ಲ. ಪೈಪು ಶ್ವಾಸನಾಳದಲ್ಲಿದ್ದರೂ ಸದ್ದು ಕೇಳಿಸುತ್ತದೆ.

ಸಕ್ಷನ್, ಬೆನ್ನು ತಟ್ಟುವುದು ಎಲ್ಲ ಊಟಕ್ಕೆ ಮೊದಲೇ. ಹೊಟ್ಟೆ ತುಂಬಿದ ಮೇಲೆ ಮಾಡಿದರೆ ವಾಂತಿ ಗ್ಯಾರಂಟಿ. ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಮನೆಯಲ್ಲಿ ಸುಮ್ನೆ ಕುತ್ತಿಗೆ ಕೆಳಗೆ ದಿಂಬಿನ ಮೇಲೆ ದಿಂಬು ಇಡುತ್ತಾರೆ. ತಲೆ ಮಾತ್ರ ಬಾಗುತ್ತದೆ, ಹೊಟ್ಟೆ ಒತ್ತಿ ಆಹಾರ ಮೇಲಕ್ಕೆ ಬರುತ್ತದೆ. ಸೊಂಟದಿಂದಲೇ ಏರುವ ಹಾಗೆ ಒರಗಿಸಿ, ಮಂಡಿ ಕೆಳಗೊಂದು ದಿಂಬು ಕೊಟ್ಟರೆ ಜಾರುವುದಿಲ್ಲ. ಒಂದು ಸಲಕ್ಕೆ ಸುಮಾರು 200 ಮಿಲಿ, ಅದೂ ಸಿರಿಂಜನ್ನು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ತಳ್ಳಬಾರದು. ರಾಗಿ ಗಂಜಿ ಸೋಸದಿದ್ದರೆ ಪೈಪು ಕಟ್ಟುತ್ತದೆ, ಆಗ ತಳ್ಳುವ ಆಸೆ ಬಂದೇ ಬರುತ್ತದೆ. ಆಮೇಲೆ ಒಂದು ಗಂಟೆ ಹಾಗೇ ಕೂತಿರಲಿ.

ಅತ್ತೆಗೆ ಒಂದು ಚಮಚ ಕಾಫಿ, ತಾತನಿಗೆ ಒಂದು ಗುಟುಕು ತೀರ್ಥ. ಪ್ರೀತಿಯಿಂದಲೇ ಕೊಡುತ್ತಾರೆ, ಬೈಯಲು ಮನಸ್ಸಾಗುವುದಿಲ್ಲ. ನುಂಗುವ ಪರೀಕ್ಷೆ ಆಗುವವರೆಗೆ ತುಟಿಗೆ ಒದ್ದೆ ಬಟ್ಟೆ ಮುಟ್ಟಿಸಿ ಸಾಕು ಅನ್ನುತ್ತೇನೆ. ಡಿಸ್ಚಾರ್ಜ್ ದಿನ ಇನ್ನೊಂದು ಮಾತು ಹೇಳುತ್ತೇನೆ: ವಯಸ್ಸಾದವರಲ್ಲಿ ಜ್ವರ ಬರದೆಯೂ ನ್ಯುಮೋನಿಯಾ ಇರಬಹುದು. ಉಸಿರು ಜೋರಾದರೆ, ಗಂಟಲಲ್ಲಿ ಗೊರಗೊರ ಜಾಸ್ತಿಯಾದರೆ, ನಿನ್ನೆ ಮಾತಾಡಿಸಿದರೆ ಕಣ್ಣು ಬಿಡುತ್ತಿದ್ದವರು ಇವತ್ತು ಮಂಕಾಗಿದ್ದರೆ, ಥರ್ಮಾಮೀಟರ್ ನೋಡುತ್ತಾ ಕೂರದೆ ಕರೆದುಕೊಂಡು ಬನ್ನಿ.