ಹೈಸ್ಕೂಲ್ ಮಕ್ಕಳೊಂದಿಗೆ ಮಲೆನಾಡಿನಿಂದ ಅಮೆರಿಕಕ್ಕೆ ಹೊರಟವರಿಗೆ

ಮಳೆಗಾಲದಲ್ಲಿ ನಾನು ನ್ಯೂಜೆರ್ಸಿಯಿಂದ ಶಿವಮೊಗ್ಗಕ್ಕೆ ಬಂದಿದ್ದೇನೆಂದು ಗೊತ್ತಾದರೆ ಸಾಕು, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಅಪ್ಪ ಅಮ್ಮಂದಿರು ಮನೆಗೆ ಬಂದು ಕೂರುತ್ತಾರೆ. ಯಜಮಾನರಿಗೆ ಎಚ್-1ಬಿ ಎಂಬ ಕೆಲಸದ ವೀಸಾ ಆಗಿರುತ್ತದೆ, ಮಕ್ಕಳು ಎಂಟನೆಯದೋ ಹತ್ತನೆಯದೋ ಓದುತ್ತಿರುತ್ತಾರೆ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಯಾವಾಗ ಕೂರಿಸಬೇಕು, ಸ್ಕಾಲರ್‌ಶಿಪ್ ಎಷ್ಟು ಸಿಗುತ್ತದೆ ಎಂದೇ ಮಾತು ಶುರುವಾಗುತ್ತದೆ. ನಾನು ಮೊದಲು ಕೇಳುವುದು ಟಿಕೆಟ್ ಬುಕ್ ಆಗಿದೆಯೇ ಎಂದು. ಆಗಿಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇನ್ನೂ ನಿಮ್ಮ ಕೈಯಲ್ಲೇ ಇದೆ: ಮಗು ಇಲ್ಲಿ ಯಾವ ತರಗತಿ ಮುಗಿಸಿ ಹೊರಡಬೇಕು ಎನ್ನುವುದು.

ಅಲ್ಲಿ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ನಮ್ಮ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯು ಥರ ಎಲ್ಲವನ್ನೂ ತೂಗುವ ಒಂದು ಪಬ್ಲಿಕ್ ಪರೀಕ್ಷೆ ಇಲ್ಲ. ಒಂಬತ್ತನೆಯ ತರಗತಿಯ ಮೊದಲ ದಿನದಿಂದ ಪ್ರತಿ ವಿಷಯದ ಗ್ರೇಡೂ ಟ್ರಾನ್ಸ್‌ಕ್ರಿಪ್ಟ್ ಎಂಬ ದಾಖಲೆಗೆ ಸೇರುತ್ತಾ ಹೋಗುತ್ತದೆ. ಅದರ ಸರಾಸರಿಯೇ 4ರ ಅಳತೆಯ ಜಿಪಿಎ. ಕಾಲೇಜಿನವರು ಮೊದಲು ತೆರೆದು ನೋಡುವುದು ಆ ದಾಖಲೆಯನ್ನು. ಹತ್ತನೆಯದರಲ್ಲಿ ಗಟ್ಟಿಯಾಗಿ ಓದಿದರಾಯಿತು ಎಂದು ಒಂಬತ್ತನ್ನು ಹಗುರವಾಗಿ ಕಳೆಯುವ ರೂಢಿ ನಮ್ಮಲ್ಲಿದೆ. ಅಲ್ಲಿ ಅದು ನಡೆಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಮಗು ಎಂಟನೆಯದರಲ್ಲಿದ್ದರೆ ಅದು ಮುಗಿದ ಬೇಸಿಗೆಯಲ್ಲೇ ಹೊರಡಿ. ಅಲ್ಲಿನ ಶಾಲೆ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲ ವಾರಕ್ಕೋ ತೆರೆಯುತ್ತದೆ, ನಾಲ್ಕು ವರ್ಷವೂ ಪೂರ್ತಿ ಸಿಗುತ್ತದೆ. ಹತ್ತನೆಯದರಲ್ಲಿದ್ದರೆ ಏನೇ ಆಗಲಿ ಎಸ್‌ಎಸ್‌ಎಲ್‌ಸಿ ಮುಗಿಸಿಯೇ ಹೊರಡಿ. ಅಪ್ಪ ಮೊದಲು ಹೋಗಿ ಮನೆ ಮಾಡಲಿ, ಅಮ್ಮನೂ ಮಕ್ಕಳೂ ಫಲಿತಾಂಶ ಬಂದ ಮೇಲೆ ಬರಲಿ. ಕೆಲವು ತಿಂಗಳು ದೂರ ಇರುವುದು ಕಷ್ಟವೇ, ಆದರೆ ಆ ಮಾರ್ಕ್ಸ್ ಕಾರ್ಡಿನ ಬೆಲೆ ಮುಂದೆ ತಿಳಿಯುತ್ತದೆ. ಒಂಬತ್ತನೆಯದರ ಮಧ್ಯದಲ್ಲಿರುವವರದು ನಿಜಕ್ಕೂ ಇಕ್ಕಟ್ಟು. ಅವರು ವರ್ಷ ಪೂರೈಸಿ ಹೋಗಿ ಅಲ್ಲಿ ಹತ್ತಕ್ಕೆ ಸೇರುವುದು ವಾಸಿ. ನಡುವರ್ಷದಲ್ಲಿ ಎಬ್ಬಿಸಿ ಕರೆದೊಯ್ಯಬೇಡಿ.

ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದ ಮಗುವನ್ನು ಯಾವ ತರಗತಿಗೆ ಸೇರಿಸುತ್ತಾರೆ? ವಯಸ್ಸು ಮತ್ತು ಕಾಗದಪತ್ರ ನೋಡಿ ಆ ಶಾಲೆಯೇ ನಿರ್ಧರಿಸುತ್ತದೆ. ಹನ್ನೊಂದು ಸಿಕ್ಕಿತು, ವರ್ಷ ಹಾಳಾಗಲಿಲ್ಲ ಎಂದು ನಮ್ಮವರು ಖುಷಿಪಡುತ್ತಾರೆ. ರಿಪ್ಪನ್‌ಪೇಟೆ ಕಡೆಯ ಹುಡುಗನೊಬ್ಬನಿಗೆ ಹೀಗೇ ಆಯಿತು. ಲಾಕರ್ ತೆಗೆಯುವುದು ರೂಢಿಯಾಗುವಷ್ಟರಲ್ಲಿ ಅಕ್ಟೋಬರ್ ಬಂತು, ಎಸ್‌ಎಟಿಗೆ ಮುಂಚಿನ ತಯಾರಿ ಪರೀಕ್ಷೆಯಾದ ಪಿಎಸ್‌ಎಟಿಗೆ ಕೂರಬೇಕಾಯಿತು. ಮರುವರ್ಷ ಶಾಲೆ ತೆರೆಯುವಾಗ ಕಾಲೇಜಿನ ಅರ್ಜಿ ಎದುರಿಗಿತ್ತು, ಶಿಫಾರಸು ಪತ್ರ ಬರೆಯುವಷ್ಟು ಅವನನ್ನು ಬಲ್ಲ ಟೀಚರ್ ಒಬ್ಬರೂ ಇರಲಿಲ್ಲ. ಪಾಸಾಗಲು ಬೇಕಾದ ಕ್ರೆಡಿಟ್‌ಗಳ ಲೆಕ್ಕವೂ ಬೇರೆ ಇದೆ. ನ್ಯೂಜೆರ್ಸಿಯಲ್ಲಾದರೆ ನಾಲ್ಕು ವರ್ಷದ ಇಂಗ್ಲಿಷ್, ಎರಡು ವರ್ಷದ ಅಮೆರಿಕದ ಇತಿಹಾಸ, ಇದ್ದಷ್ಟು ವರ್ಷವೂ ದೈಹಿಕ ಶಿಕ್ಷಣ ಬೇಕು. ಇವನ್ನೆಲ್ಲ ಎರಡು ವರ್ಷದೊಳಗೆ ತುರುಕಿದರೆ ಮಗುವಿಗೆ ಇಷ್ಟವಾದ ವಿಷಯಕ್ಕೆ ಜಾಗವೇ ಉಳಿಯುವುದಿಲ್ಲ. ವಯಸ್ಸು ಹದಿನೈದರ ಆಸುಪಾಸಿನಲ್ಲಿದ್ದರೆ ಹತ್ತಕ್ಕೇ ಸೇರಿಸಿಕೊಳ್ಳಿ ಎಂದು ನೀವೇ ಕೇಳಿ. ಒಂದು ವರ್ಷ ಹಿಂದೆ ಬಿದ್ದಂತೆ ಕಾಣಬಹುದು, ಆದರೆ ಮೂರು ವರ್ಷದ ದಾಖಲೆ ಕೈಗೆ ಬರುತ್ತದೆ.

ಇನ್ನು ಕಾಗದಪತ್ರ. ಟಿಸಿ, ಕಳೆದ ಮೂರು ವರ್ಷದ ಮಾರ್ಕ್ಸ್ ಕಾರ್ಡ್, ಜನನ ಪ್ರಮಾಣಪತ್ರ ಇವೆಲ್ಲ ಇಂಗ್ಲಿಷಿನಲ್ಲಿರಲಿ, ಇಲ್ಲದಿದ್ದರೆ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಜೊತೆಗೆ ಹೆಡ್‌ಮಾಸ್ತರರಿಂದ ಒಂದು ಪತ್ರ ಬರೆಸಿಕೊಳ್ಳಿ. ನಮ್ಮಲ್ಲಿ ಶೇಕಡ 60ಕ್ಕೆ ಫಸ್ಟ್ ಕ್ಲಾಸ್, ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕ 625 ಎಂಬ ವಿವರ ಅದರಲ್ಲಿರಲಿ. ಇದು ಯಾಕೆ ಬೇಕೆಂದರೆ ಅಲ್ಲಿನ ಸಾಮಾನ್ಯ ಲೆಕ್ಕದಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. ನಮ್ಮೂರಿನಲ್ಲಿ ಚೆನ್ನಾಗಿ ಓದುವ ಹುಡುಗಿ ಎನಿಸಿಕೊಂಡವಳ 78 ಅಂಕ, ವಿವರಣೆ ಇಲ್ಲದೆ ಹೋದರೆ ಅಲ್ಲಿ ಸಿ ಎಂದು ದಾಖಲಾಗಬಹುದು. ಗಣಿತ, ವಿಜ್ಞಾನದ ಪಠ್ಯಪುಸ್ತಕಗಳ ಪರಿವಿಡಿಯನ್ನು ಇಂಗ್ಲಿಷ್ ಮಾಧ್ಯಮದ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಗಣಿತ ಅಲ್ಲಿ ಆಲ್‌ಜೀಬ್ರಾ 1, ಜಾಮೆಟ್ರಿ, ಆಲ್‌ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂದು ಒಂದರ ಮೇಲೊಂದು ಬರುತ್ತದೆ. ಇಂಗ್ಲಿಷ್ ತಡವರಿಸುತ್ತದೆ ಎಂಬ ಒಂದೇ ಕಾರಣಕ್ಕೆ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದರೆ ಎಂಜಿನಿಯರಿಂಗ್ ಬಯಸುವ ಮಗು ಹನ್ನೆರಡರೊಳಗೆ ಕ್ಯಾಲ್ಕುಲಸ್ ಮುಟ್ಟುವುದಿಲ್ಲ. ಪರಿವಿಡಿ ತೋರಿಸಿ, ಯಾವ ಮೆಟ್ಟಿಲಿಗೆ ಸೇರಿಸಬೇಕೆಂದು ತಿಳಿಯುವ ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ ಎಂದು ಕೇಳಿ.

ಲಸಿಕೆ ದಾಖಲೆಯನ್ನು ಮರೆಯಬೇಡಿ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿಲ್ಲದ ಸೀತಾಳೆ ಸಿಡುಬಿನ ಲಸಿಕೆಯನ್ನೂ ಅಲ್ಲಿನ ಶಾಲೆಗಳು ಕೇಳುತ್ತವೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಆಗಿರುವುದನ್ನೆಲ್ಲ ತಾರೀಖು ಸಮೇತ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ದಾಖಲೆ ಇಲ್ಲದಿದ್ದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಒಂದು ಫಾರಂ ಕೇಳುತ್ತದೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆಂದು ಹೆದರಿ ಕೆಲವರು ಇಂಗ್ಲಿಷ್ ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಎಂದು ಬರೆದರೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಬೇಕಿದ್ದರೆ ಹೆಚ್ಚಿನ ಪಾಠ ಕೊಡುತ್ತಾರೆ, ಮಟ್ಟ ಬಂದಮೇಲೆ ಬಿಡುತ್ತಾರೆ. ಪೋಷಕರಿಗೂ ಮುಖ್ಯವಾದ ಮಾತುಕತೆಗೆ ದುಭಾಷಿ ಬೇಕೆಂದರೆ ಶಾಲೆಯೇ ಒದಗಿಸಬೇಕು, ಅದಕ್ಕೆ ದುಡ್ಡಿಲ್ಲ. ಇನ್ನೊಂದು ಲಾಭವೂ ಉಂಟು. ಇಂಗ್ಲಿಷಿನ ಜೊತೆ ಮತ್ತೊಂದು ಭಾಷೆಯನ್ನು ಓದಿ ಬರೆಯಬಲ್ಲ ಮಕ್ಕಳಿಗೆ ಸೀಲ್ ಆಫ್ ಬೈಲಿಟರಸಿ ಎಂಬ ಮನ್ನಣೆ ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಾನೂನು ಮಾಡಿತು, ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. ಇದಕ್ಕಾಗಿ ನಡೆಯುವ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಹತ್ತು ವರ್ಷ ಕನ್ನಡ ಓದಿದ ನಮ್ಮ ಮಕ್ಕಳಿಗೆ ಅದು ಕಷ್ಟವೇನಲ್ಲ. ಸೇರಿದ ವರ್ಷವೇ ಕೌನ್ಸೆಲರ್, ಅಂದರೆ ಶಾಲೆಯ ಮಾರ್ಗದರ್ಶಕರ ಹತ್ತಿರ ವಿಚಾರಿಸಿ.

ಪರೀಕ್ಷೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಪಿಎಸ್‌ಎಟಿ ಅಕ್ಟೋಬರಿನಲ್ಲಿ, ಶಾಲೆಯಲ್ಲೇ ನಡೆಯುತ್ತದೆ. 1520ಕ್ಕೆ ಅಂಕ. ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿಗೆ ಎಣಿಸುವುದು ಹನ್ನೊಂದನೆಯ ತರಗತಿಯಲ್ಲಿ ಬರೆದದ್ದನ್ನು. ಎಸ್‌ಎಟಿ 1600ಕ್ಕೆ. 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಪೂರ್ತಿ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಓದು-ಬರಹಕ್ಕೆ 64 ನಿಮಿಷ, ಗಣಿತಕ್ಕೆ 70 ನಿಮಿಷ, ಕ್ಯಾಲ್ಕುಲೇಟರ್ ಪರದೆಯಲ್ಲೇ ಇರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಮಕ್ಕಳಿಗೆ ಹೇಳಿ. ಹನ್ನೊಂದರ ಕೊನೆಗೆ ಒಮ್ಮೆ, ಹನ್ನೆರಡರ ಶುರುವಿಗೆ ಇನ್ನೊಮ್ಮೆ ಬರೆದರೆ ಸಾಕು. ಎಸ್‌ಎಟಿ ಬರೆಯಲು ಬಳಸುವ ಬ್ಲೂಬುಕ್ ಆ್ಯಪಿನ ಮಾದರಿ ಪರೀಕ್ಷೆಗಳೂ ಖಾನ್ ಅಕಾಡೆಮಿಯ ಪಾಠಗಳೂ ಉಚಿತ, ಇಲ್ಲಿಂದಲೇ ಶುರುಮಾಡಬಹುದು. ಎಂಐಟಿ 2022ರಲ್ಲಿ ಈ ಅಂಕಗಳನ್ನು ಮತ್ತೆ ಕಡ್ಡಾಯ ಮಾಡಿತು, ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಇವನ್ನು ನೋಡುವುದೇ ಇಲ್ಲ, ಕೊಟ್ಟರೆ ಕೊಡಿ ಎನ್ನುವ ಕಾಲೇಜುಗಳೂ ಬೇಕಾದಷ್ಟಿವೆ. ಒಂಬತ್ತನೆಯದಕ್ಕೇ ಕೋಚಿಂಗಿಗೆ ಸೇರಿಸುವುದಕ್ಕಿಂತ ಆ ಹೊತ್ತಿನಲ್ಲಿ ಇಂಗ್ಲಿಷ್ ಪುಸ್ತಕ ಓದಿಸಿ.

ದುಡ್ಡಿನ ವಿಷಯದಲ್ಲಿ ಮಾತ್ರ ನಿಧಾನವಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ನಮ್ಮವರು ಹೆಚ್ಚು ನೊಂದುಕೊಳ್ಳುವುದು ಇಲ್ಲೇ. ಎಚ್-1ಬಿ ಇರುವವರ ಮಕ್ಕಳು ಎಚ್-4 ವೀಸಾದಲ್ಲಿರುತ್ತಾರೆ. ಅಮೆರಿಕದ ಕೇಂದ್ರ ಸರ್ಕಾರದ ನೆರವಿಗೆ ಎಫ್‌ಎಎಫ್‌ಎಸ್‌ಎ ಎಂಬ ಅರ್ಜಿ ಇದೆ, ಆ ನೆರವು ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಎಚ್-4 ಮಕ್ಕಳಿಗೆ ಅದು ಸಿಗುವುದಿಲ್ಲ. ಅವರು ಸಂಬಳದ ಕೆಲಸ ಮಾಡುವಂತೆಯೂ ಇಲ್ಲ, ಅಂಗಡಿಯಲ್ಲಿ ಸಂಜೆ ನಿಂತು ಸಂಪಾದಿಸುತ್ತಾನೆ ಎಂಬ ಲೆಕ್ಕ ಬಿಟ್ಟುಬಿಡಿ. ಇಪ್ಪತ್ತೊಂದು ತುಂಬಿದ ಮೇಲೆ ಎಚ್-4 ಮುಂದುವರಿಯುವುದಿಲ್ಲ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದವೆಂದರೆ, ಈಗ ಹೈಸ್ಕೂಲಿನಲ್ಲಿರುವ ಮಗುವಿಗೆ ಅದು ಕಾಲೇಜಿನೊಳಗೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಹಲವು ರಾಜ್ಯಗಳಲ್ಲಿ ಸ್ಥಳೀಯರ ಫೀಸಿನ ದರ ತಪ್ಪಿಹೋಗುತ್ತದೆ. ಯಾವ ತಿಂಗಳಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬುತ್ತದೆ, ಆಗ ಎಷ್ಟನೆಯ ಸೆಮಿಸ್ಟರ್ ಎಂಬುದನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮಾತಾಡಲು ವಲಸೆ ವಕೀಲರು ಬೇಕು, ಪಕ್ಕದ ಮನೆಯವರ ಅನುಭವ ಸಾಲದು.

ಹಾಗಾದರೆ ದಾರಿ ಇಲ್ಲವೇ ಎಂದರೆ, ಇದೆ. ಕಾಲೇಜುಗಳು ತಮ್ಮ ಕೈಯಿಂದಲೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಎಷ್ಟೋ ಪೌರತ್ವ ಕೇಳುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ವಿದೇಶಿ ಮಕ್ಕಳಿಗೂ ದುಡ್ಡು ನೋಡದೆ ಪ್ರವೇಶ ಕೊಟ್ಟು, ಕುಟುಂಬಕ್ಕೆ ಎಟುಕದಷ್ಟನ್ನು ತಾವೇ ತುಂಬುತ್ತವೆ. ಅಲ್ಲಿಗೆ ಸೇರುವುದು ಬಹಳ ಕಷ್ಟ, ಆದರೆ ಬಡತನ ಅಡ್ಡಿಯಲ್ಲ. ಬಹುತೇಕ ಕಾಲೇಜುಗಳ ಜಾಲತಾಣದಲ್ಲಿ, ನೆರವು ಕಳೆದು ಎಷ್ಟು ಕಟ್ಟಬೇಕಾದೀತು ಎಂದು ಅಂದಾಜು ಹೇಳುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಸಿಗುತ್ತದೆ. ಆದರೆ ಅದು ಪೌರರ ಲೆಕ್ಕ ತೋರಿಸುವುದೇ ಹೆಚ್ಚು, ಕಚೇರಿಗೆ ಮೇಲ್ ಬರೆದು ಎಚ್-4 ಎಂದು ತಿಳಿಸಿ ಕೇಳಿ. ನನಗೆ ಹೆಚ್ಚು ನಂಬಿಕೆ ಇರುವ ದಾರಿ ಕಮ್ಯುನಿಟಿ ಕಾಲೇಜು. ಎರಡು ವರ್ಷ ಕಡಿಮೆ ಫೀಸಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ರಾಜ್ಯದ ಯುನಿವರ್ಸಿಟಿಗೆ ವರ್ಗವಾಗಬಹುದು. ಡಿಗ್ರಿ ಬರುವುದು ಆ ಯುನಿವರ್ಸಿಟಿಯ ಹೆಸರಿನಲ್ಲೇ. ಊರಿನಲ್ಲಿ ಹೇಳಿಕೊಳ್ಳಲು ಹೆಸರು ಸಾಲದೆಂದು ಇದನ್ನು ತಳ್ಳಿಹಾಕಿ, ಅಜ್ಜನ ಕಾಲದ ಅಡಿಕೆ ತೋಟವನ್ನು ಬ್ಯಾಂಕಿಗೆ ಒತ್ತೆ ಇಟ್ಟವರನ್ನು ನಾನು ಬಲ್ಲೆ. ತೋಟಕ್ಕೆ ಕೊಳೆ ಬಂದ ವರ್ಷ ಆ ಸಾಲದ ಕಂತು ಕಟ್ಟುವುದು ಊರಲ್ಲಿರುವ ಅಣ್ಣ ತಮ್ಮಂದಿರು. ಸ್ಕಾಲರ್‌ಶಿಪ್ ಗ್ಯಾರಂಟಿ, ಮೊದಲು ಇಷ್ಟು ಫೀಸು ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೊರಡುವ ಮೊದಲು ಮಗುವಿನ ಹತ್ತಿರ ಒಂದು ಮಾತು ಆಡಿ. ನಮ್ಮ ಶಾಲೆಗಳಲ್ಲಿ ಸುಮ್ಮನೆ ಕೂತವರು ಒಳ್ಳೆಯ ಮಕ್ಕಳು. ಅಲ್ಲಿ ಶಿಫಾರಸು ಪತ್ರ ಬರೆಯುವವರು ಸಾಮಾನ್ಯವಾಗಿ ಹನ್ನೊಂದನೆಯ ತರಗತಿಯ ಟೀಚರುಗಳು. ಪ್ರಶ್ನೆ ಕೇಳದ, ಪಾಠ ಮುಗಿದ ಮೇಲೆ ಒಂದು ಮಾತೂ ಆಡದ ಮಗುವಿನ ಬಗ್ಗೆ ಅವರು ಬರೆಯುವುದಾದರೂ ಏನನ್ನು? ತಪ್ಪು ಇಂಗ್ಲಿಷಿನಲ್ಲಾದರೂ ಸರಿ, ಕೈ ಎತ್ತಲು ಧೈರ್ಯ ಹೇಳಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಹಾಕುವ ಕಾಮನ್ ಆ್ಯಪ್ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ, 650 ಪದದೊಳಗಿನ ಪ್ರಬಂಧವೊಂದನ್ನು ಕೇಳುತ್ತದೆ. ಅದನ್ನು ಮಗುವೇ ಬರೆಯಲಿ, ನೀವಾಗಲಿ ದುಡ್ಡು ತೆಗೆದುಕೊಳ್ಳುವ ಏಜೆಂಟರಾಗಲಿ ಬರೆಯಬಾರದು.

ವಾಪಸು ಬರುವ ದಾರಿಯನ್ನೂ ತೆರೆದಿಟ್ಟು ಹೊರಡಿ. ಅಪ್ಪನ ಕೆಲಸ ಹೋಗಬಹುದು, ಫೀಸು ಹೊಂದದಿರಬಹುದು, ಮಗುವಿಗೇ ನವಿಲೆಯ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲೋ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೋ ಓದಬೇಕೆನಿಸಬಹುದು. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಅರ್ಹರಾಗುವ ಮುಖ್ಯ ದಾರಿ ಹೀಗಿದೆ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯು ಇಲ್ಲಿಂದಲೇ ಪಾಸಾಗಿರಬೇಕು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಒಂದರಿಂದ ಹತ್ತರವರೆಗಿನ ಓದು ಪೂರ್ತಿ ಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿಯೇ ಹೊರಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ವ್ಯಾಸಂಗ ಪ್ರಮಾಣಪತ್ರಗಳನ್ನು ಬಿಇಒ ಅವರ ಮೇಲುಸಹಿ ಸಮೇತ ಈಗಲೇ ಮಾಡಿಸಿಡಿ, ಅಲ್ಲಿಂದ ಫೋನ್ ಮಾಡಿ ತಮ್ಮನನ್ನು ಕಚೇರಿಗೆ ಅಲೆಸುವುದು ಬೇಡ. ಅಮೆರಿಕದಲ್ಲಿ ಒಂದು ವರ್ಷಕ್ಕೆ ಒಂದೇ ವಿಜ್ಞಾನ ಓದುವ ಪದ್ಧತಿ ಹೆಚ್ಚು. ಹನ್ನೊಂದು, ಹನ್ನೆರಡರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಇರುವಂತೆ ಕೌನ್ಸೆಲರ್‌ಗೆ ಹೇಳಿ ವಿಷಯ ಆರಿಸಿ. ಅಲ್ಲಿನ ಹೈಸ್ಕೂಲ್ ಡಿಪ್ಲೊಮಾಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತಾ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ, ಹನ್ನೆರಡು ಮುಗಿದ ಕೂಡಲೇ ಅರ್ಜಿ ಹಾಕಿ. ಮೂಲ ಮಾರ್ಕ್ಸ್ ಕಾರ್ಡುಗಳನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಒಂದೊಂದು ಪ್ರತಿ ಊರಿನ ಮನೆಯಲ್ಲೂ ಇರಲಿ.