ಮುಧೋಳ ನಾಯಿಗೆ ಕುರಿ ಅಟ್ಟುವ ಚಟ ಬಿಡಿಸಿದ್ದು

ಮುಧೋಳ ನಾಯಿ ಸಾಕಿದವರಿಗೆ ಈ ತಲೆನೋವು ಗೊತ್ತಿರುತ್ತದೆ. ಮನೆಯಲ್ಲಿ ಮೂಲೆ ಹಿಡಿದು ಸುಮ್ನೆ ಬಿದ್ದಿರುತ್ತದೆ. ಹೊಲದಲ್ಲಿ ಒಂದು ಕುರಿ ಓಡಿದ್ದು ಕಂಡರೆ ಮುಗೀತು, ಆಮೇಲೆ ಎಷ್ಟು ಕೂಗಿದರೂ ಕಿವಿಗೆ ಬೀಳುವುದಿಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆ. ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುತ್ತೇವೆ. ನಮ್ಮ ನಾಯಿ ಎರಡು ಸಲ ಹಿಂಡು ಚೆದುರಿಸಿದ ಮೇಲೆ ಕುರಿ ಕಾಯುವ ಕಾಕಾ ನೇರವಾಗಿ ಹೇಳಿಬಿಟ್ಟರು: "ತಮ್ಮಾ, ಈ ನಾಯಿ ಬಿಟ್ಟಿದ್ರ ನಾ ಹಿಂಡು ತರಾಂಗಿಲ್ಲ ನೋಡು."

ಊರಲ್ಲಿ ಸಲಹೆಗೆ ಬರ ಇಲ್ಲ. ಕೊರಳಿಗೆ ಕಟ್ಟಿಗೆ ತುಂಡು ಕಟ್ಟು ಅಂದರು. ಓಡುವಾಗ ಅದು ಮುಂಗಾಲಿಗೆ ಬಡಿಯುತ್ತದೆ, ಈ ತಳಿಯ ಕಾಲು ಮೊದಲೇ ತೆಳ್ಳಗೆ. ತಿರುಗಿ ಬಂದಾಗ ನಾಲ್ಕು ಬಿಗಿ ಅಂದರು. ಕುರಿ ಅಟ್ಟಿ ಮುಗಿಸಿ, ನಾಲಿಗೆ ಚಾಚಿಕೊಂಡು ನಿಮ್ಮ ಹತ್ತಿರ ಬಂದ ನಾಯಿಗೆ ಹೊಡೆದರೆ ಅದಕ್ಕೆ ಅರ್ಥವಾಗುವುದು ಒಂದೇ: ಹತ್ತಿರ ಹೋದರೆ ಏಟು. ಮುಂದಿನ ಸಲ ಬರುವುದೇ ಇಲ್ಲ. ಬೇಟೆ ನಾಯಿಗೆ ಬುದ್ಧಿ ಕಲಿಸಕ್ಕಾಗಲ್ಲ ಅನ್ನುವವರೂ ಇದ್ದರು. ಇದೇ ತಳಿಯ ಮರಿಗಳನ್ನು ಸೇನೆಯವರು 2016ರಲ್ಲಿ ಮೀರತ್‌ಗೆ ತರಬೇತಿಗೆ ಒಯ್ದಿದ್ದರು, ಅಲ್ವಾ?

ಇದು ಕಣ್ಣಿಂದ ಬೇಟೆಯಾಡುವ ನಾಯಿ. ನಿಂತು ಮೇಯುವ ಕುರಿ ಅದಕ್ಕೆ ಲೆಕ್ಕಕ್ಕಿಲ್ಲ, ಓಡುವ ಕುರಿ ಮಾತ್ರ ಬೇಕು. ಓಡುವುದೇ ಅದಕ್ಕೆ ಸಿಗುವ ಬಹುಮಾನ. ಹಾಗಾಗಿ ಒಂದೊಂದು ಸಲ ಅಟ್ಟಿದಾಗಲೂ ಚಟ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲು ಆ ಅವಕಾಶ ತಪ್ಪಿಸಬೇಕು. ಅದಕ್ಕೆ ಹತ್ತು ಮೀಟರ್ ನೂಲಿನ ಹಗ್ಗ ತಂದೆ. ಪ್ಲಾಸ್ಟಿಕ್ ಹಗ್ಗ ಬೇಡ, ಅಂಗೈ ಸುಟ್ಟುಹೋಗುತ್ತದೆ. ಹಗ್ಗವನ್ನು ಕೊರಳಿಗೆ ಕಟ್ಟಲಿಲ್ಲ, ಎದೆಪಟ್ಟಿಗೆ ಕಟ್ಟಿದೆ. ಈ ವೇಗದಲ್ಲಿ ಓಡಿ ಹಗ್ಗದ ತುದಿಗೆ ಜಗ್ಗಿದರೆ ಕತ್ತಿಗೇ ಪೆಟ್ಟು. ತಲೆ ಕಿರಿದಾದ ಕಾರಣ ಸಾಮಾನ್ಯ ಬೆಲ್ಟ್ ಸಲೀಸಾಗಿ ಜಾರಿಯೂ ಹೋಗುತ್ತದೆ.

ಬೆಳಗಿನ ತಂಪಿನಲ್ಲಿ, ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯುತ್ತಿದ್ದೆ. ಜೇಬಿನಲ್ಲಿ ಬೇಯಿಸಿದ ಕೋಳಿ ಲಿವರ್, ಅವರೆಕಾಳಿನಷ್ಟು ಸಣ್ಣ ಚೂರು. ಹಿಂಡಿನಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದಕ್ಕೆ ಆ ಚೂರೇ ಅಳತೆ. ಕುರಿ ಕಾಣುತ್ತಿದ್ದರೂ ಕೈಯಿಂದ ತಿಂದರೆ ಆ ದೂರ ಸರಿ. ಮೂಗಿನ ಹತ್ತಿರ ಹಿಡಿದರೂ ತಿನ್ನದಿದ್ದರೆ ನಾವು ಜಾಸ್ತಿ ಹತ್ತಿರ ಹೋಗಿದ್ದೇವೆ, ಹಿಂದೆ ಸರಿಯಬೇಕು.

ಎಲ್ಲಕ್ಕಿಂತ ಮುಖ್ಯ ಅದರ ಮುಖ ನೋಡುವುದು. ತೇಕುತ್ತಿದ್ದ ನಾಯಿ ತಟ್ಟನೆ ಬಾಯಿ ಮುಚ್ಚುತ್ತದೆ. ಕಿವಿ ಏಳುತ್ತದೆ. ಬಾಲ ಅಲ್ಲಾಡುವುದು ನಿಲ್ಲುತ್ತದೆ, ಕೆಲವೊಮ್ಮೆ ಒಂದು ಮುಂಗಾಲು ಮೇಲೆ. ಇಷ್ಟೆಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನಾನು ಕಿವಿಗೆ ಕಾಯುತ್ತಿರಲಿಲ್ಲ. ಬಾಯಿ ಮುಚ್ಚಿದ ಕೂಡಲೇ "ಇಲ್ಲಿ" ಅಂತ ಒಂದೇ ಸಲ ಹೇಳಿ, ನಾನೇ ಬೆನ್ನು ತಿರುಗಿಸಿ ನಡೆಯುತ್ತಿದ್ದೆ. ತಲೆ ನನ್ನ ಕಡೆ ಹೊರಳಿದರೆ ಲಿವರ್. ಓಟ ಕಿತ್ತ ಮೇಲೆ ಕೂಗುವುದು ದಂಡ. ಕೂಗಿ ಕೂಗಿ ಆ ಮಾತಿನ ಬೆಲೆ ಕಳೆಯುತ್ತೇವೆ, ಅಷ್ಟೇ.

ಓಡುವ ಆಸೆಯನ್ನು ಬರೀ ಅದುಮಿಟ್ಟರೆ ಆಗಲ್ಲ. ಬಿದಿರು ಕೋಲಿಗೆ ದಾರ ಕಟ್ಟಿ, ತುದಿಗೆ ಹಳೇ ಟವೆಲ್ ತುಂಡು ಸಿಕ್ಕಿಸಿ ಸಂಜೆ ಆಡಿಸುತ್ತಿದ್ದೆ. "ಹಿಡಿ" ಅಂದರೆ ಅಟ್ಟಬಹುದು, "ಬಿಡು" ಅಂದರೆ ಬಿಡಬೇಕು. ಬಿಟ್ಟರೆ ಮತ್ತೆ ಆಟ. ಮೊಲದ ಹಿಂದೆ ಬಿಟ್ಟು ಆಸೆ ತೀರಿಸು ಅಂತ ಕೆಲವರು ಈಗಲೂ ಹೇಳುತ್ತಾರೆ. ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಆ ದಾರಿಯೇ ಬೇಡ.

ಮನೆಯಲ್ಲಿ ಎರಡು ನಾಯಿ ಇದ್ದರೆ ಒಂದೊಂದನ್ನೇ ಒಯ್ಯಿರಿ. ಜೋಡಿಯಾದರೆ ಒಂದು ಓಡಿದ್ದಕ್ಕೆ ಇನ್ನೊಂದು ಓಡುತ್ತದೆ, ಕಲಿತದ್ದೆಲ್ಲ ಮಣ್ಣುಪಾಲು.

ಒಂದು ಹಂಗಾಮು ಪೂರ್ತಿ ಹಿಡಿಯಿತು. ಈಗ ಹಿಂಡಿನ ಪಕ್ಕದ ಬದುವಿನ ಮೇಲೆ ಹಗ್ಗ ಸಡಿಲ ಬಿಟ್ಟುಕೊಂಡು ನಡೆಯುತ್ತದೆ. ಕಾಕಾ ಮತ್ತೆ ಹಿಂಡು ತರುತ್ತಿದ್ದಾರೆ. ಆದರೂ ನಾನಿಲ್ಲದಾಗ ಕುರಿಗಳ ಜೊತೆ ಅದನ್ನು ಬಿಡುವುದಿಲ್ಲ. ರಾತ್ರಿ ಅದರ ಕಾವಲು ಮನೆಯ ಅಂಗಳಕ್ಕೆ ಮಾತ್ರ. ಮರಿ ಹಾಕುವ ಕಾಲದಲ್ಲಂತೂ ಕುರಿಮರಿ ನೆಗೆದಾಡುವುದು ಕಂಡರೆ ಮತ್ತೆ ಬಾಯಿ ಮುಚ್ಚುತ್ತದೆ. ಆ ದಿನಗಳಲ್ಲಿ ಹಗ್ಗವನ್ನು ಕೈಗೆ ಒಂದು ಸುತ್ತು ಹೆಚ್ಚೇ ಸುತ್ತಿಕೊಂಡು, ಬದು ಬಿಟ್ಟು ದೂರದ ಕಾಲುವೆ ದಾರಿ ಹಿಡಿಯುತ್ತೇನೆ.